ಎರಡು ತುಂಡು ಸೀಸ

ಹೆಂಡತಿ, ಮಗಳು, ನಾನು, ಮೂವರಿಗೆ ಒಂಬೈನೂರು ದಿರ್ಹಮ್. ಕೇಳಿದ್ದು ಸಾವಿರದ ಇನ್ನೂರು; ಡೇರೆ ನಮ್ಮದೇ, ಅಡುಗೆಯೂ ನಮ್ಮದೇ ಎಂದು ಇಳಿಸಿದೆ. ಹನ್ನೆರಡನೆಯ ತರಗತಿ ಮುಗಿಸಿದ ಮಗಳು ಶ್ರಾವ್ಯ ಬೇಡಿದ ಬಹುಮಾನ ಅದು, ನೀರಿಗಿಳಿದು ಮುಳುಗಿದ ಹಡಗು ನೋಡಿ ದ್ವೀಪದಲ್ಲಿ ಒಂದು ರಾತ್ರಿ ತಂಗುವುದು; ಇಲ್ಲವೆನ್ನುವಂತಿರಲಿಲ್ಲ. ಮುಸಫ್ಫಾದಲ್ಲಿ ಹಳೆ ಕಬ್ಬಿಣ ಮಾರಿ ಮೇಲೆ ಬಂದ ನಾನು ತಕ್ಕಡಿಯ ಮುಳ್ಳು ನೋಡದೆ ಯಾವುದಕ್ಕೂ ಕೈಚಾಚಿದವನಲ್ಲ.

ದುಬೈ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಮರಳು ಅಗೆದು ಸಿಹಿನೀರು ತುಂಬಿದ ಸರೋವರವಿದೆ. ನಡುವೆ ದೋಣಿಯಲ್ಲಿ ಹೋಗಿ ಡೇರೆ ಹಾಕಲು ಪುಟ್ಟ ದ್ವೀಪ, ಮಗ್ಗುಲಲ್ಲಿ ಜನ ಇಳಿದು ನೋಡಲೆಂದೇ ಮುಳುಗಿಸಿಟ್ಟ ಹಳೆಯ ಸರಕು ಹಡಗು. ನಾನಾದರೆ ಒಡೆದು ಕಿಲೋ ಲೆಕ್ಕದಲ್ಲಿ ಮಾರುತ್ತಿದ್ದ ವಸ್ತು! ಆದರೆ ಆ ನೀರು ಸದ್ದೇ ಮಾಡುತ್ತಿರಲಿಲ್ಲ. ಕಡಲಿಗೆ ದನಿಯಿದೆ, ಮಲ್ಪೆಯ ದಂಡೆಯಲ್ಲಿ ಬೆಳೆದವನಿಗೆ ಅಲೆಯ ಸದ್ದಿನಲ್ಲೇ ಅದರ ಮನಸ್ಸು ತಿಳಿಯುತ್ತದೆ. ಈ ನೀರೋ, ಬೆಲೆ ಹೇಳದೆ ಸುಮ್ಮನೆ ನೋಡುತ್ತ ಕೂರುವ ವ್ಯಾಪಾರಿಯ ಹಾಗಿತ್ತು. ಅಂಥವರೆದುರು ನನಗೆ ಯಾವಾಗಲೂ ಭಯ.

ಉಸಿರಿನ ಸಿಲಿಂಡರ್ ಹೊತ್ತು ಧುಮುಕುವವರು ತೇಲದಂತೆ ಮೈಗೆ ಸೋಪಿನ ಗಾತ್ರದ ಸೀಸದ ತುಂಡುಗಳನ್ನು ಕಟ್ಟಿಕೊಳ್ಳಬೇಕು. ಫುಜೈರಾದ ಕಡಲಲ್ಲಿ ಮಗಳೊಂದಿಗೆ ಕಲಿಯುವಾಗ ನನಗೆ ಆರು ಕಟ್ಟಿದ್ದರು. ಇಲ್ಲಿನ ಮಾರ್ಗದರ್ಶಿ ಎರಡನ್ನು ತೆಗೆದು ಹಲಗೆಯ ಮೇಲಿಟ್ಟ.

"ಉಪ್ಪಿಲ್ಲದ ನೀರು ಸಾರ್, ಮೈ ಬೇಗ ಮುಳುಗುತ್ತೆ. ನಾಲ್ಕು ಸಾಕು."

ದರ ಇಳಿಸಿದ್ದಕ್ಕೆ ತೂಕದಲ್ಲಿ ಹಿಡಿಯುತ್ತಿದ್ದಾನೆ ಎಂದುಕೊಂಡೆ. ಅವನು ಮಗಳ ಪಟ್ಟಿ ಬಿಗಿಯಲು ತಿರುಗಿದ್ದೇ ತಡ, ಎರಡನ್ನೂ ನನ್ನ ಜೇಬಿಗೆ ಸೇರಿಸಿದೆ.

ಮಗಳ ಕೈಹಿಡಿದು ಇಳಿದೆ. ಇಳಿದೆ ಎನ್ನುವುದು ಮರ್ಯಾದೆಯ ಮಾತು, ಬಿದ್ದೆ. ಹಸಿರು ಬೆಳಕು ಕಂದುತ್ತ, ಕಿವಿಗೆ ಸೂಜಿ ಚುಚ್ಚುತ್ತ, ಹಡಗಿನ ಬಾಯ್ದೆರೆದ ಕಪ್ಪು ಹೊಟ್ಟೆ ಕಾಲಡಿಗೇ ಬಂತು. ಧುಮುಕುವ ಅಂಗಿಗೆ ಗಾಳಿ ತುಂಬಿ ಮೇಲೇಳಿಸುವ ಗುಂಡಿ ಎಲ್ಲಿದೆಯೆಂಬುದೇ ಮರೆತುಹೋಯಿತು. ತಿಳಿದದ್ದು ಒಂದೇ, ನನ್ನ ಭಾರ ಅವಳನ್ನೂ ಎಳೆಯುತ್ತಿದೆ. ಹಿಡಿದದ್ದನ್ನು ಎಂದೂ ಬಿಟ್ಟುಕೊಡದ ನಾನು ಬೆರಳು ಬಿಚ್ಚಿದೆ. ಅವಳು ಬಿಚ್ಚಲಿಲ್ಲ. ಇನ್ನೊಂದು ಕೈಯನ್ನು ನೇರ ನನ್ನ ಜೇಬಿಗಿಳಿಸಿ, ಸೀಸದ ತುಂಡುಗಳನ್ನು ಕಿತ್ತೆಸೆದಳು. ನಾನು ಹೋಗಲಿದ್ದ ಕತ್ತಲೆಯೊಳಕ್ಕೆ ಅವು ಹೋದವು. ಅಷ್ಟರಲ್ಲಿ ಮಾರ್ಗದರ್ಶಿ ಬಂದು ಹೆಗಲು ಹಿಡಿದ; ನಿಧಾನವಾಗಿ ಮೇಲೆದ್ದೆವು.

ದ್ವೀಪದಲ್ಲಿ ನನ್ನ ಹಲ್ಲು ಕಟಕಟಿಸುತ್ತಿತ್ತು. "ಐ ಸಾ ಯು, ಪಪ್ಪಾ," ಎಂದಳು ಮಗಳು. "ತರಕಾರಿ ಅಂಗಡೀಲಿ ಕರಿಬೇವು ಎತ್ಕೊಂಡ ಹಾಗೇ ಎತ್ಕೊಂಡ್ರಿ. ಏನು ಎತ್ಕೊಂಡ್ರಿ ಅಂತ ಕೆಳಗೆ ಹೋದ್ಮೇಲೆ ಗೊತ್ತಾಯ್ತು."

ಸ್ಟವ್ ಮುಂದೆ ಕೂತಿದ್ದ ಹೆಂಡತಿ ತಲೆಯೆತ್ತಿ, "ಮಾರಾಯ್ರೆ, ಮುಳುಗ್ಲಿಕ್ಕೂ ಎಕ್ಸ್‌ಟ್ರಾ ಬೇಕಾಯ್ತಾ ನಿಮ್ಗೆ?" ಎಂದಳು. ನಾನು ಒದ್ದೆ ತೋಳು ಒರೆಸಿಕೊಂಡೆ. ಮಣಿಕಟ್ಟಿನಲ್ಲಿ ಮಗಳ ಬೆರಳಚ್ಚು ಕೆಂಪಗೆ ಮೂಡಿತ್ತು. ಹೆಚ್ಚಿಗೆ ಸಿಕ್ಕಿದ್ದೆಲ್ಲ ಲಾಭವೆಂದು ನಂಬಿ ಈ ಊರಲ್ಲಿ ಜೇಬಿಗೆ ಇನ್ನೇನೇನು ತುಂಬಿಕೊಂಡಿದ್ದೇನೋ ಎಂದು ಡೇರೆಯಲ್ಲಿ ಮಲಗಿದಾಗಲೂ ಹೆದರಿಕೆಯಾಗುತ್ತಿತ್ತು. ಮರುದಿನ ಮಾರ್ಗದರ್ಶಿ ಕಳೆದ ಸೀಸಕ್ಕೆ ಹೇಳಿದ ಬೆಲೆಯನ್ನು ಹಾಗೆಯೇ ಕೊಟ್ಟೆ. ಹೆಂಡತಿ ನನ್ನ ಹಣೆ ಮುಟ್ಟಿ ನೋಡಿದಳು.

ನೀವೂ ಹೋಗಿ. ದೋಣಿಗೆ ಚೌಕಾಸಿ ಮಾಡಿ, ಡೇರೆ ಮನೆಯಿಂದ ಒಯ್ಯಿರಿ, ಹೇಳಿದ ದರದ ಕಾಲುಭಾಗ ಖಂಡಿತ ಇಳಿಯುತ್ತದೆ. ಸೀಸವನ್ನು ಮಾತ್ರ ಅವರು ಕೊಟ್ಟಷ್ಟೇ ಕಟ್ಟಿಕೊಳ್ಳಿ. ನೀರಿಗಿಳಿಯುವ ಮುನ್ನ ನಿಮ್ಮ ಜೇಬನ್ನು ನಿಮ್ಮ ಮಕ್ಕಳಿಂದ ತಪಾಸಣೆ ಮಾಡಿಸಿ.