ಒಪ್ಪತ್ತು ಹಿಡಿದ ನಾಯಿ

ನಮ್ಮ ನಾಯಿ ಶ್ರಾವಣ ಸೋಮವಾರ ಮಾಡುತ್ತದೆ ಎಂದು ಕಂಪ್ಲಿಯಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದವಳು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಬರೆಯುತ್ತ ಬರೆಯುತ್ತ ತಪ್ಪನ್ನು ಅತ್ತೆಯ ಮೇಲೋ ಹೊಸಪೇಟೆಯ ಡಾಕ್ಟರ ಮೇಲೋ ಹಾಕಿ ಜಾರಿಕೊಂಡುಬಿಡುತ್ತೇನೆ. ನನ್ನ ಗುಣ ನನಗೆ ಗೊತ್ತು.

ನಮ್ಮದು ಅಕ್ಕಿ ಮಿಲ್ಲಿನ ಮನೆ. ಮಿಲ್ಲು, ಭತ್ತ ಒಣಗಿಸುವ ಕಣ, ಮನೆ ಎಲ್ಲ ಒಂದೇ ಕಾಂಪೌಂಡಿನೊಳಗೆ. ನಾಯಿ ಯಾವುದೋ ಭತ್ತದ ಲಾರಿಯ ಹಿಂದೆ ಬಂದು ಹೊಟ್ಟಿನ ರಾಶಿಯಲ್ಲಿ ಮಲಗಿದ್ದ ಮರಿ, ಕೆಂಚು ಬಣ್ಣದ ಹೆಣ್ಣು. ಲಿಂಗಪೂಜೆಯ ಮನೆಯಾದ್ದರಿಂದ ನಮ್ಮಲ್ಲಿ ಮೊಟ್ಟೆ ಸಹ ಹೊಸ್ತಿಲು ದಾಟುವುದಿಲ್ಲ. ಹಾಗಾಗಿ ಅದು ನುಚ್ಚಕ್ಕಿ ಅನ್ನ, ಮೊಸರು, ರೊಟ್ಟಿ ತಿಂದೇ ಬೆಳೆಯಿತು. ಅತ್ತೆ ಮೊದಮೊದಲು ಅದನ್ನು ಕಟ್ಟೆಯ ಮೇಲೂ ಹತ್ತಿಸುತ್ತಿರಲಿಲ್ಲ. ವರ್ಷಗಳು ಕಳೆದ ಹಾಗೆ ಅದು ಕಟ್ಟೆ ಹತ್ತಿತು, ಪಡಸಾಲೆಗೆ ಬಂತು, ಕೊನೆಗೆ ದೇವರ ಕೋಣೆಯ ಬಾಗಿಲ ಮುಂದೆ ಕಾಲು ಚಾಚಿ ಮಲಗುವ ಮಟ್ಟಕ್ಕೆ ಬಂತು. ನಾವೆಲ್ಲ ಅದನ್ನು ನಾಯಿ ಎನ್ನುತ್ತಿದ್ದಾಗ ಅತ್ತೆ ಮಾತ್ರ ಮನೆಯ ಮಗಳನ್ನು ಕರೆದಂತೆ 'ಅಕಿ' ಎನ್ನುತ್ತಿದ್ದರು.

ಅದಕ್ಕೊಂದು ಅಭ್ಯಾಸವಿತ್ತು. ಮನೆಯವರು ಊಟಕ್ಕೆ ಕೂರದ ಹೊರತು ತನ್ನ ತಟ್ಟೆಗೆ ಬಾಯಿ ಹಾಕುತ್ತಿರಲಿಲ್ಲ. ಯಾರೂ ಕಲಿಸಿದ್ದಲ್ಲ. ಶ್ರಾವಣ ಸೋಮವಾರ ನಮ್ಮದು ಒಪ್ಪತ್ತು, ಸಂಜೆ ಪೂಜೆಯಾದ ಮೇಲೆ ಒಂದೇ ಊಟ. ನಾಯಿಯದೂ ಅಷ್ಟೇ. ಬೆಳಗ್ಗೆ ಒಲೆಯೇ ಹೊತ್ತದ ಮನೆಯಲ್ಲಿ ನಾಯಿಗೆ ರೊಟ್ಟಿ ಎಲ್ಲಿಂದ ಬರಬೇಕು ಎಂದು ಯಾರೂ ಕೇಳಲಿಲ್ಲ. ಉಪವಾಸ ಕೆಡವಿದವರು ನಾವು, ಭಕ್ತಿಯ ಹೆಸರು ಅದಕ್ಕೆ. ಬಂದ ನೆಂಟರಿಗೆಲ್ಲ ಇದು ಹೇಳಿಕೊಳ್ಳುವ ಸುದ್ದಿಯಾಯಿತು.

ಹೋದ ವರ್ಷದ ಮೊದಲ ಶ್ರಾವಣ ಸೋಮವಾರ, ಸಂಜೆ ಊಟಕ್ಕೆ ಕೂತಾಗ ಅದು ತಟ್ಟೆಯನ್ನು ಮೂಸಿ ಹಾಗೇ ಬಿಟ್ಟಿತು. ಮರುದಿನ ಒಂದು ತುತ್ತು ತಿಂದು ಎದ್ದು ಹೋಯಿತು. ಅದರ ಮರುದಿನವೂ ಅದೇ.

"ಈ ಸಲ ಅಕಿ ತಿಂಗಳ ಪೂರ್ತಿ ಹಿಡ್ದಾಳ ನೋಡವ್ವ. ನಮಗಿಂತ ಗಟ್ಟಿ ಅದಾಳ," ಎಂದರು ಅತ್ತೆ.

ಅವರು ಅರ್ಧ ನಗುತ್ತ ಹೇಳಿದ್ದು. ಪೂರ್ತಿ ನಂಬಿದವಳು ನಾನು. ಡಿಗ್ರಿ ಓದಿದವಳು, ಮಿಲ್ಲಿನ ಲೆಕ್ಕ ನೋಡುವವಳು. ದೇವರ ಕೋಣೆಯ ಕಡೆ ಮುಖ ಮಾಡಿ ಮಲಗಿದ್ದ ನಾಯಿಯ ವಿಡಿಯೋ ಮಾಡಿ ನೆಂಟರ ಗುಂಪಿಗೆಲ್ಲ ಕಳಿಸಿದೆ. ಕೈ ಮುಗಿದ ಚಿತ್ರಗಳು ಸಾಲುಸಾಲಾಗಿ ಬಂದವು. ಹೋದ ಜನ್ಮದಲ್ಲಿ ಶರಣರ ಮನೆಯಲ್ಲಿ ಹುಟ್ಟಿದ್ದಿರಬೇಕು ಎಂದು ಒಬ್ಬರು ಬರೆದರು. ಪಕ್ಕದ ಮನೆಯಾಕೆ ಅಷ್ಟರಲ್ಲಾಗಲೇ ದಿನಾ ಬೆಳಗ್ಗೆ ಬಂದು ಅದರ ಹಣೆಗೆ ವಿಭೂತಿ ಹಚ್ಚಿ ಹೋಗತೊಡಗಿದ್ದಳು. ಮೊದಲಾದರೆ ಹಣೆಯ ಮೇಲೆ ನೊಣ ಕೂತರೂ ತಲೆ ಕೊಡವುತ್ತಿದ್ದ ನಾಯಿ ಸುಮ್ಮನೆ ಹಚ್ಚಿಸಿಕೊಳ್ಳುತ್ತಿತ್ತು. ಕೊಡವಲು ಅದಕ್ಕೆ ಕಸುವಿರಲಿಲ್ಲ. ನಾವು ಅದನ್ನು ಶಾಂತಿ ಎಂದುಕೊಂಡೆವು.

ಗಂಡನಿಗೆ ಒಮ್ಮೆ ಅನುಮಾನ ಬಂದಿತ್ತು. "ಭಾಳ ಸೊರಗೈತಿ. ಡಾಕ್ಟ್ರಿಗೆ ತೋರ್ಸೋಣೇನು?" ಎಂದಿದ್ದರು.

"ವ್ರತ ಹಿಡಿದೋರು ಸೊರಗಂಗಿಲ್ಲೇನ್ರಿ? ನಿಮ್ಮಂಗ ಕದ್ದು ಚುರುಮುರಿ ತಿನ್ನೋ ಜಾತಿ ಅಲ್ಲ ಅದು," ಎಂದು ನಾನು ಅವರ ಬಾಯಿ ಮುಚ್ಚಿಸಿದೆ. ಅತ್ತೆ ನಕ್ಕರು, ಅವರೂ ನಕ್ಕು ಮಿಲ್ಲಿಗೆ ಹೋದರು. ಆ ಮಾತನ್ನು ಈಗಲೂ ಬಾಯಿಂದ ವಾಪಸ್ ತೆಗೆದುಕೊಳ್ಳಬೇಕೆನಿಸುತ್ತದೆ.

ಮೂರನೆಯ ಸೋಮವಾರ ಕಳೆದ ಮೇಲೆ ಒಂದು ಬೆಳಗ್ಗೆ ಅದು ಕಣದ ಮೇಲೆ ನಿಂತಲ್ಲೇ ವಾಂತಿ ಮಾಡಿ ಕುಸಿದು ಕೂತಿತು. ವಾಂತಿಯಲ್ಲಿ ಅನ್ನದ ಅಗುಳೊಂದೂ ಇರಲಿಲ್ಲ, ಹಳದಿ ನೀರು, ಅದರಲ್ಲಿ ರಕ್ತದ ಎಳೆ. ಎತ್ತಿಕೊಂಡಾಗ ಪಕ್ಕೆಲುಬುಗಳು ನನ್ನ ಮುಂಗೈಗೆ ಒತ್ತಿದವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗಾಯಿತು ನಮ್ಮದು.

ಹೊಸಪೇಟೆಗೆ ಕಾರಿನಲ್ಲಿ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರು ವಯಸ್ಸಿನಲ್ಲಿ ಚಿಕ್ಕ ಹೆಣ್ಣುಮಗಳು, ಮೆಲ್ಲಗೆ ಮಾತಾಡುವಾಕೆ. ಹೊಟ್ಟೆ ಒತ್ತಿ ನೋಡಿ, ಎಷ್ಟು ದಿನದಿಂದ ಊಟ ಬಿಟ್ಟಿದೆ ಎಂದು ಕೇಳಿದರು. ಗಂಡ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. "ಶ್ರಾವಣ ಹಿಡಿದಾಗಿಂದ," ಎಂದು ಅತ್ತೆಯೇ ಹೇಳಿದರು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಆ ಹೆಣ್ಣುಮಗಳು ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ.

ಅಂದು ರಕ್ತ ತೆಗೆದರು, ಎಕ್ಸ್‌ರೇ ಮಾಡಿದರು. ಸ್ಕ್ಯಾನಿಗೆ ಇನ್ನೊಂದು ದಿನ ಬರಹೇಳಿದರು. ಆ ಎರಡನೆಯ ದಿನವೇ ನನ್ನನ್ನು ಇನ್ನೂ ಬಿಟ್ಟಿಲ್ಲ. ಹೊಟ್ಟೆಯ ಕೂದಲನ್ನು ಮಿಷನ್ನಿನಿಂದ ಬೋಳಿಸಿದರು. ಕಚ್ಚೀತೆಂದು ಬಾಯಿಗೆ ಬ್ಯಾಂಡೇಜು ಬಟ್ಟೆ ಸುತ್ತಿದರು. ನಮ್ಮ ಮನೆಯಲ್ಲಿ ಹಗ್ಗವನ್ನೇ ಕಾಣದ ನಾಯಿ ಅದು. ಮುಂಗಾಲು ನಾನು ಹಿಡಿದೆ, ಹಿಂಗಾಲು ಗಂಡ ಹಿಡಿದರು. ಹೆದರಿ ಟೇಬಲ್ಲಿನ ಮೇಲೆಯೇ ಉಚ್ಚೆ ಹೊಯ್ದುಕೊಂಡಿತು. ಬಾಯಿ ಕಟ್ಟಿದವರನ್ನು ಅದು ನೋಡಲಿಲ್ಲ, ಕೊನೆಯವರೆಗೂ ನನ್ನನ್ನೇ ನೋಡಿತು.

ಹೊಟ್ಟೆಯೊಳಗೆ ಗಂಟಿತ್ತು, ದೊಡ್ಡದೇ. "ಇದು ಯಾವ ಥರದ್ದು ಅಂತ ಗೊತ್ತಾಗ್ಬೇಕಂದ್ರ ಅರಿವಳಿಕಿ ಕೊಟ್ಟು, ಸೂಜಿ ಹಾಕಿ ಗಂಟಿಂದ ಸ್ಯಾಂಪಲ್ ತೆಗೀಬೇಕು ಮೇಡಂ. ಇಲ್ಲಿ ಆಗಂಗಿಲ್ಲ, ಬೆಂಗಳೂರಿಗೆ ಹೋಗ್ಬೇಕು," ಎಂದರು ಡಾಕ್ಟರು.

"ಗೊತ್ತಾದ ಮ್ಯಾಲೆ ಆಪರೇಷನ್ ಮಾಡ್ತಾರೇನ್ರಿ?"

"ವಯಸ್ಸಾಗೈತ್ರಿ, ಮೈಯಾಗ ರಕ್ತಾನೂ ಇಲ್ಲ. ತಡಕೊಳ್ಳೋದು ಕಷ್ಟ. ನಿಮಗೆ ಬ್ಯಾಡ ಅನ್ಸಿದ್ರ ನೋವಿಗೆ ಗುಳಿಗಿ ಕೊಡ್ತೀನಿ, ಮನ್ಯಾಗ ನೋಡ್ಕೊಳ್ರಿ. ಅದೂ ತಪ್ಪಲ್ಲ."

"ಮೊದ್ಲೇ ಕರ್ಕೊಂಡು ಬಂದಿದ್ರ?" ಎಂದು ಕೇಳಿಯೇಬಿಟ್ಟೆ.

"ಗಂಟು ಏನಂತ ಗೊತ್ತಿಲ್ದೆ ಅದನ್ನ ಹೇಳಾಕ ಬರಂಗಿಲ್ರಿ," ಎಂದರು.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಏನೆಂದು ಗೊತ್ತಾದರೆ ಹೇಳಬಹುದು ಎಂದಾಯಿತಲ್ಲ. ಬೆಂಗಳೂರಿಗೆ ಹೋದರೆ, ಸೂಜಿ ಹಾಕಿಸಿದರೆ, ನೀವು ಯಾವಾಗ ಕರೆತಂದಿದ್ದರೂ ನಾಯಿ ಉಳಿಯುತ್ತಿರಲಿಲ್ಲ ಎಂದು ಯಾರೋ ಒಬ್ಬರು ಹೇಳಿಯಾರು. ನಾನು ಬದುಕಿಕೊಂಡೇನು.

ಮರಳುವಾಗ ಕಾರಿನಲ್ಲಿ ಅತ್ತೆ ಹಿಂದಿನ ಸೀಟಿನಲ್ಲಿ ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕಮಲಾಪುರ ಬಂದಾಗ ಹಂಪಿಯ ಕಡೆ ತಿರುಗಿ ಕೈ ಮುಗಿಯುವುದು ಅವರಿಗೆ ಉಸಿರಾಡಿದಷ್ಟೇ ರೂಢಿ. ಅಂದು ಮುಗಿಯಲಿಲ್ಲ. ಎರಡೂ ಕೈ ನಾಯಿಯ ಮೇಲಿದ್ದವು.

ದುಡ್ಡಿನ ತೊಡಕು ನಮಗಿರಲಿಲ್ಲ. ಇದ್ದಿದ್ದರೆ ತಪ್ಪನ್ನು ಅದರ ಮೇಲಾದರೂ ಹಾಕುತ್ತಿದ್ದೆ. ಮನೆಗೆ ಬಂದವಳೇ ಬೆಂಗಳೂರಿನ ಆಸ್ಪತ್ರೆಗೆ ಫೋನು ಮಾಡಿ ಮಂಗಳವಾರ ಬೆಳಗ್ಗೆಗೆ ಗೊತ್ತು ಮಾಡಿಕೊಂಡೆ. ಗಂಡ ಬೇಡವೆಂದರು. ಭತ್ತ ಕೊಳ್ಳುವಾಗ ಮೊನಚು ಕೊಳವೆಯನ್ನು ಚೀಲಕ್ಕೆ ಚುಚ್ಚಿ ನಾಲ್ಕು ಕಾಳು ತೆಗೆದು, ಅಂಗೈಯಲ್ಲಿ ತಿಕ್ಕಿ ನೋಡುವುದು ಅವರ ದಿನದ ಕೆಲಸ. ಅದನ್ನೇ ಹಿಡಿದು ಮಾತಾಡಿದರು.

"ಚೀಲಕ್ಕ ಒಂದ್ಸಲ ಚುಚ್ಚಿದ್ರ ಮಾಲು ಏನಂತ ಗೊತ್ತಾಗ್ತೈತಿ. ಮತ್ತ ಮತ್ತ ಚುಚ್ಚಿದ್ರ ಮಾಲು ಛಲೋ ಆಗಂಗಿಲ್ಲ. ಚೀಲ ಹರಿತೈತಿ ಅಷ್ಟ."

ನನಗೆ ಮೈಯೆಲ್ಲ ಉರಿಯಿತು. "ಅದು ಚೀಲ ಅಲ್ರಿ," ಎಂದೆ.

"ನಾನೂ ಅದನ್ನ ಹೇಳಾಕತ್ತೀನಿ," ಎಂದರು.

ಅವರು ಹೇಳಿದ್ದು ಆಗಲೇ ಅರ್ಥವಾಗಿತ್ತು. ಆದರೂ ಬ್ಯಾಗು ತುಂಬಿದೆ. ಆ ವಾರವೆಲ್ಲ ನಾನು ಮನೆಯವರೊಂದಿಗೆ ಸೆಟೆದುಕೊಂಡೇ ಓಡಾಡಿದೆ. ನಾಯಿಗಾಗಿ ಏನು ಬೇಕಾದರೂ ಮಾಡುವವಳು ನಾನೊಬ್ಬಳೇ, ಉಳಿದವರಿಗೆ ಕರುಳಿಲ್ಲ ಎಂಬ ಧೋರಣೆ. ಮಾಡಬೇಕಾದ ಹೊತ್ತಿನಲ್ಲಿ ವಿಡಿಯೋ ಮಾಡಿದವಳಿಗೆ ಈ ಠೀವಿ ಎಲ್ಲಿಂದ ಬಂತೋ ಗೊತ್ತಿಲ್ಲ. ಗುಳಿಗೆಯ ಬಲದಿಂದ ನಾಯಿ ದಿನಕ್ಕೊಂದೆರಡು ಬಾರಿ ಎದ್ದು ಕಣದವರೆಗೆ ಹೋಗಿ ಬರುತ್ತಿತ್ತು. ಬೋಳು ಹೊಟ್ಟೆಗೆ ಕಣದ ಧೂಳು ಮೆತ್ತಿಕೊಳ್ಳುತ್ತಿತ್ತು. ಅತ್ತೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು, ನನ್ನೊಂದಿಗೆ ಮಾತಾಡುತ್ತಿರಲಿಲ್ಲ.

ಹೊರಡಬೇಕಾದ ದಿನ ಶ್ರಾವಣದ ಕೊನೆಯ ಸೋಮವಾರವಾಗಿತ್ತು. ಬೆಳಗ್ಗೆ ಬೆಂಗಳೂರಿನಿಂದ ಫೋನು ಬಂತು. ನಾಳೆ ಅರಿವಳಿಕೆ ಕೊಡುವುದರಿಂದ ಇಂದು ಸಂಜೆಯ ನಂತರ ಏನೂ ತಿನ್ನಿಸಬಾರದು, ಹೊಟ್ಟೆ ಖಾಲಿ ಇರಬೇಕು ಎಂದರು. ಹೂಂ ಎಂದು ಇಟ್ಟೆ. ಅತ್ತೆ ಪಡಸಾಲೆಯಲ್ಲಿ ಕೂತು ಬಿಲ್ವಪತ್ರೆ ಆರಿಸುತ್ತಿದ್ದರು.

"ಏನಂತಾರ?"

"ಸಂಜಿ ಮ್ಯಾಲೆ ಏನೂ ತಿನ್ಸಬ್ಯಾಡ್ರಿ ಅಂದ್ರು, ಅತ್ತಿ."

ಅವರ ಕೈ ನಿಂತಿತು. "ಮತ್ತ ಉಪಾಸ ಕೆಡವ್ತೀಯೇನವ್ವ ಅಕಿನ?" ಎಂದರು. ದನಿ ಏರಿಸಲಿಲ್ಲ.

ನಾನು ಅಂಗಳಕ್ಕೆ ಹೋಗಿ ಕಾರಿನ ಬಾಗಿಲು ತೆಗೆದು ಬ್ಯಾಗು ಇಟ್ಟೆ. ಬಾಗಿಲ ಸದ್ದಿಗೆ ನಾಯಿ ಎದ್ದು ಬಂತು. ಓಡಿಹೋಗಿ ಎಲ್ಲಾದರೂ ಬಚ್ಚಿಟ್ಟುಕೊಂಡಿದ್ದರೆ ಹುಡುಕಿ ಎಳೆದು ತಂದಿರುತ್ತಿದ್ದೆನೋ ಏನೋ. ಅದು ಮೆಲ್ಲಗೆ ನಡೆದು ಬಂದು, ಮುಂಗಾಲೆರಡನ್ನೂ ಕಾರಿನ ಅಂಚಿನ ಮೇಲಿಟ್ಟು, ಮುಂದಕ್ಕೆ ಹತ್ತಲಾಗದೆ, ನಾನು ಎತ್ತಲೆಂದು ಕಾಯುತ್ತ ನಿಂತಿತು. ಬಾಲ ಒಮ್ಮೆ ಆಡಿತು.

ಅತ್ತೆ ಬಾಗಿಲಲ್ಲಿ ಬಂದು ನಿಂತಿದ್ದರು. "ಎಲ್ಲಿಗಂತ ಅಕಿಗೆ ಗೊತ್ತಿಲ್ಲ, ನಿನಗ ಗೊತ್ತೈತಿ. ತಪ್ಪು ಮಾಡ್ದೋರು ನಾನು ನೀನು. ಅದನ್ನ ತೊಳ್ಕಳಾಕ ಅಕಿ ಮೈಯಾಗ ಯಾಕ ಸೂಜಿ ಚುಚ್ಚಸ್ತಿ?" ಎಂದರು.

ನಾನು ಕಾರಿನ ಅಂಚಿನ ಮೇಲೆ ನಾಯಿಯ ಪಕ್ಕದಲ್ಲೇ ಕೂತುಬಿಟ್ಟೆ. ನಾಚಿಕೆಯಾಯಿತು. ನನಗೆ ಬೇಕಾಗಿದ್ದ ಉತ್ತರದಿಂದ ನಾಯಿಗೆ ಆಗುವುದೇನೂ ಇರಲಿಲ್ಲ. ನನ್ನ ತಪ್ಪು ಎಷ್ಟು ದೊಡ್ಡದು ಎಂದು ತಿಳಿಯಲು ಅದನ್ನು ಇನ್ನೊಮ್ಮೆ ಟೇಬಲ್ಲಿನ ಮೇಲೆ ಮಲಗಿಸಿ, ಬಾಯಿ ಕಟ್ಟಿಸಲು ಹೊರಟಿದ್ದೆ. ಅಲ್ಲೇ ಕೂತು ಆಸ್ಪತ್ರೆಗೆ ಫೋನು ಮಾಡಿ ಬರುವುದಿಲ್ಲ ಎಂದೆ. ಆಗಲಿ ಎಂದರು ಆ ಕಡೆಯವರು, ಯಾಕೆಂದು ಕೇಳಲಿಲ್ಲ.

ಒಳಗೆ ಬಂದಾಗ ಒಲೆ ಹೊತ್ತಿತ್ತು. ಹೊತ್ತು ಇನ್ನೂ ನೆತ್ತಿಗೇರಿರಲಿಲ್ಲ, ಪೂಜೆಯಾಗಿರಲಿಲ್ಲ. ಅತ್ತೆ ನುಚ್ಚಕ್ಕಿ ಅನ್ನವನ್ನು ಮೆತ್ತಗೆ ಬೇಯಿಸಿ, ಮೊಸರು ಕಲಸಿ, ಎರಡು ತಟ್ಟೆಗೆ ಹಾಕಿ ತಂದರು. ಒಂದನ್ನು ನಾಯಿಯ ಮುಂದಿಟ್ಟರು. ಇನ್ನೊಂದನ್ನು ತಮ್ಮ ಮುಂದಿಟ್ಟುಕೊಂಡು ನೆಲದ ಮೇಲೆ ಕೂತು ಉಣ್ಣತೊಡಗಿದರು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಶ್ರಾವಣ ಸೋಮವಾರ ಹಗಲು ಹೊತ್ತು ಒಂದು ಹನಿ ಮಜ್ಜಿಗೆಯನ್ನೂ ಮುಟ್ಟದ ಹೆಂಗಸು. ಹೆರಿಗೆಯಾದ ವಾರದಲ್ಲೂ ಬಿಟ್ಟಿರಲಿಲ್ಲವಂತೆ.

"ಅತ್ತಿ," ಎಂದೆ.

"ನಾವು ಉಂಡ್ರ ಅಕಿ ಉಣ್ತಾಳ. ಕುಂದ್ರು," ಎಂದರು.

ನಾನೂ ಕೂತೆ. ಅತ್ತೆಯ ತಟ್ಟೆಯಿಂದಲೇ ಉಂಡೆ. ಮಿಲ್ಲಿನಿಂದ ಬಂದ ಗಂಡ ಬಾಗಿಲಲ್ಲಿ ನಮ್ಮಿಬ್ಬರನ್ನು ನೋಡಿ, ಚಪ್ಪಲಿ ಬಿಟ್ಟು ಬಂದು ಪಕ್ಕಕ್ಕೆ ಕೂತರು. ನಾಯಿ ನಮ್ಮನ್ನೆಲ್ಲ ಒಂದು ಸುತ್ತು ನೋಡಿತು. ಆಮೇಲೆ ಅತ್ತೆಯ ಬೆರಳಿಗಂಟಿದ್ದ ಮೊಸರನ್ನು ನೆಕ್ಕಿತು, ತನ್ನ ತಟ್ಟೆಯಿಂದ ಒಂದು ತುತ್ತು ತಿಂದಿತು, ಇನ್ನೊಂದು ತಿಂದಿತು. ಅಷ್ಟೇ. ನಾನು ಅತ್ತದ್ದು ಆಗ.

ಗಣಪತಿ ಕಳಿಸಿದ ಮಾರನೆಯ ದಿನ ಅದು ದೇವರ ಕೋಣೆಯ ಬಾಗಿಲಲ್ಲಿ ಮಲಗಿದ್ದಲ್ಲೇ ಹೋಯಿತು. ಸುಖವಾಗಿ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಕೊನೆಯ ದಿನಗಳಲ್ಲಿ ನರಳುತ್ತಿತ್ತು. ನರಳಿದಾಗಲೆಲ್ಲ ಬೆಂಗಳೂರಿಗೆ ಹೋಗಬೇಕಿತ್ತೇನೋ ಎಂದುಕೊಳ್ಳುತ್ತಿದ್ದೆ. ಈಗಲೂ ಅಂದುಕೊಳ್ಳುತ್ತೇನೆ. ಹೋಗದಿದ್ದದ್ದು ಸರಿ ಎಂದು ತಲೆ ಹೇಳುತ್ತದೆ, ಹೊಟ್ಟೆ ಒಪ್ಪುವುದಿಲ್ಲ. ಹೊಟ್ಟಿನ ರಾಶಿಯ ಹಿಂದೆ, ಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡಿದೆವು. ಪಕ್ಕದ ಮನೆಯಾಕೆ ವಿಭೂತಿ ತಂದಳು. ಅತ್ತೆ ಬ್ಯಾಡವ್ವ ಎಂದು ಅವಳ ಕೈ ಹಿಡಿದರು.

ಈ ವರ್ಷ ಶ್ರಾವಣದಲ್ಲಿ ಅತ್ತೆ ಮತ್ತೆ ಒಪ್ಪತ್ತು ಮಾಡಿದರು, ನಾನೂ ಮಾಡಿದೆ. ಆದರೆ ಸೋಮವಾರ ಬೆಳಗ್ಗೆ ಅವರು ಮೊದಲು ಒಲೆ ಹೊತ್ತಿಸಿ ರೊಟ್ಟಿ ಬಡಿದು ಬೀದಿಯ ನಾಯಿಗಳಿಗೆ ಹಾಕಿಬಂದು, ಆಮೇಲೆ ಸ್ನಾನಕ್ಕೆ ಹೋಗುತ್ತಿದ್ದರು. ನೆಂಟರೊಬ್ಬರು ಹಳೆಯ ವಿಡಿಯೋವನ್ನು ಪುನಃ ಗುಂಪಿಗೆ ಕಳಿಸಿದ್ದರು, ಕೈ ಮುಗಿದ ಚಿತ್ರಗಳೊಂದಿಗೆ. ನನ್ನ ಫೋನಿನಲ್ಲೂ ಅದಿದೆ. ಅಳಿಸಬೇಕೆಂದು ಎಷ್ಟೋ ಸಲ ತೆಗೆದಿದ್ದೇನೆ, ಅಳಿಸಿಲ್ಲ. ಅದರಲ್ಲಿ ನಾಯಿ ದೇವರ ಕೋಣೆಯ ಕಡೆ ಮುಖ ಮಾಡಿ ಮಲಗಿದೆ, ಹಣೆಯ ತುಂಬ ವಿಭೂತಿ. "ನೋಡ್ರಿ, ನಮ್ಮ ಮನಿ ಶರಣಿ," ಎಂದು ನಾನು ನಗುವುದು ಕೇಳುತ್ತದೆ. ನನ್ನ ದನಿಗೆ ಅದು ಕಷ್ಟಪಟ್ಟು ತಲೆ ಎತ್ತಿ, ತಿರುಗಿ, ನೇರ ನನ್ನನ್ನು ನೋಡುತ್ತದೆ. ಆ ನೋಟ ಅರ್ಥವಾಗಲು ಯಾವ ಪರೀಕ್ಷೆಯೂ ಬೇಕಿರಲಿಲ್ಲ.