ಒಗೆಯುವ ಕಲ್ಲು ಮತ್ತು ಪುನರ್ಪುಳಿ ಶರಬತ್ತು

ಆ ಬೆಳಿಗ್ಗೆಯೂ ಎಲ್ಲ ಬೆಳಿಗ್ಗೆಗಳಂತೆ ನನ್ನ ಯಜಮಾನರ ಉಪದೇಶದಿಂದಲೇ ಆರಂಭವಾಯಿತು. ನಾನು ನೀರುದೋಸೆಯ ಕಾವಲಿ ಒಲೆಯ ಮೇಲಿಟ್ಟಿದ್ದೆ. ಅವರು ಹಿಂಬಾಗಿಲಲ್ಲಿ ನಿಂತು, "ಮೆಟ್ಟಿಲಲ್ಲಿ ಪಾಚಿ ಉಂಟು, ನೋಡಿಕೊಂಡು ಕಾಲಿಡು" ಎಂದರು. ಆ ಪಾಚಿ ತಿಕ್ಕಲೆಂದು ಅವರೇ ಮೂಡುಬಿದಿರೆ ಪೇಟೆಯಿಂದ ತಂದ ಬ್ಲೀಚಿಂಗ್ ಪೌಡರಿನ ಚೀಲ ಮೂರು ವಾರಗಳಿಂದ ಅದೇ ಬಾಗಿಲ ಹಿಂದೆ, ಬಾಯಿ ಬಿಚ್ಚದೆ, ಹೊಸ ಮದುಮಗಳಂತೆ ಕುಳಿತಿತ್ತು. ನನಗೆ ಎಚ್ಚರಿಕೆ ಕೊಟ್ಟು ಮುಗಿಸಿ ಪಂಪ್ ಹಾಕಲು ಇಳಿದವರು ಎರಡನೆಯ ಮೆಟ್ಟಿಲಲ್ಲಿ ಜಾರಿದರು. ತಲೆಯ ಹಿಂಭಾಗ ಬಟ್ಟೆ ಒಗೆಯುವ ಕಲ್ಲಿಗೆ ಬಡಿಯಿತು.

ನಾನು ಓಡುವಷ್ಟರಲ್ಲಿ ಎದ್ದು ಕುಳಿತು ಲುಂಗಿ ಸರಿಮಾಡಿಕೊಳ್ಳುತ್ತಿದ್ದರು. ಮೊದಲು ನೋಡಿದ್ದು ನನ್ನನ್ನಲ್ಲ. ಕಂಪೌಂಡಿನ ಆಚೆಯಿಂದ ಯಾರಾದರೂ ಕಂಡರೋ ಎಂದು.

ಬಂಟ್ವಾಳದಿಂದ ಇವರ ಅಕ್ಕ ಬಂದು ಉಳಿದುಕೊಂಡಿದ್ದ ವಾರ ಅದು. ಅತ್ತಿಗೆಯ ವೈದ್ಯಶಾಸ್ತ್ರದಲ್ಲಿ ರೋಗಗಳು ಎರಡೇ: ಒಂದು ಪಿತ್ತ, ಇನ್ನೊಂದು ಪಿತ್ತ ಏರಿದ್ದು. ಅವರು ತಮ್ಮನ ತಲೆ ತಡವಿ, ನಿಂಬೆಹಣ್ಣಿನಷ್ಟು ಊದಿದ ಜಾಗಕ್ಕೆ ತೆಂಗಿನೆಣ್ಣೆ ಸವರಿ, "ರಕ್ತ ಬರಲಿಲ್ಲ ಅಲ್ಲ? ಮತ್ತೆಂತ ಹೆದರಿಕೆ?" ಎಂದು ತೀರ್ಪು ಕೊಟ್ಟರು.

"ಒಮ್ಮೆ ತೋರಿಸಿ ಬರುವನಾ ಅತ್ತಿಗೆ? ಇವರು ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು."

"ರಕ್ತವೇ ಬರಲಿಲ್ಲ ಅಂತ ಹೇಳ್ತಾ ಇದ್ದೇನೆ. ತೆಳು ಆದ್ರೆಂತ, ದಪ್ಪ ಆದ್ರೆಂತ?"

"ಎಂತದೂ ಆಗ್ಲಿಲ್ಲ ಮಾರಾಯ್ತಿ," ಎಂದರು ಇವರು. "ನೀನು ದೋಸೆ ನೋಡು, ಕರಟಿದ ವಾಸನೆ ಬರ್ತದೆ."

ನಾನು ದೋಸೆ ನೋಡಿದೆ. ಕಾನ್ವೆಂಟಿನಲ್ಲಿ ಓದಿದವಳು ನಾನು. ಹಿರಿಯರ ಮಾತಿಗೆ ಎದುರಾಡಬಾರದೆಂದು ಕಲಿಸಿದ ಸಿಸ್ಟರೇ, ಶನಿವಾರದ ಪ್ರಥಮ ಚಿಕಿತ್ಸೆಯ ತರಗತಿಯಲ್ಲಿ, ತಲೆಗೆ ಪೆಟ್ಟು ಬಿದ್ದವರು ವಾಂತಿ ಮಾಡಿದರೆ, ಕೇಳಿದ್ದನ್ನೇ ಕೇಳಿದರೆ, ಮಂಕಾದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕೆಂದೂ ಕಲಿಸಿದ್ದರು. ಹಿರಿಯರು ಅಡ್ಡ ನಿಂತಿರುವಾಗ ಕರೆದೊಯ್ಯುವುದು ಹೇಗೆ ಎಂಬ ಪಾಠ ಮಾತ್ರ ಪಠ್ಯದಲ್ಲಿರಲಿಲ್ಲ.

ಒಂಬತ್ತು ಗಂಟೆಗೆ ಇವರು ವಾಂತಿ ಮಾಡಿದರು. ಅತ್ತಿಗೆಯ ಮುಖ ಬೆಳಗಿತು. "ನಾನು ಹೇಳ್ಲಿಲ್ವಾ? ಪಿತ್ತ! ನಿನ್ನೆ ಸಿದ್ಧಕಟ್ಟೆಯ ಮನೆ ಒಕ್ಕಲಿನ ಊಟದಲ್ಲಿ ಪಾಯಸ ಮೂರು ಸಲ ಹಾಕಿಸಿಕೊಂಡಿದ್ದಾನೆ, ನಾನೇ ನೋಡಿದ್ದೇನೆ." ಪಾಯಸ ರಾತ್ರಿಯಿಡೀ ಸುಮ್ಮನಿದ್ದು, ಕಲ್ಲಿಗೆ ತಲೆ ಬಡಿದ ಮೇಲೆಯೇ ಏಕೆ ಎಚ್ಚೆತ್ತಿತು ಎಂದು ಕೇಳುವಷ್ಟು ಸಂಸ್ಕಾರಹೀನಳಲ್ಲ ನಾನು. ಪುನರ್ಪುಳಿ ಹಣ್ಣಿನ ಕೆಂಪು ಶರಬತ್ತು ಮಾಡಿ ಕೊಟ್ಟೆ. ನಮ್ಮ ಕಡೆ ಪಿತ್ತಕ್ಕೆ ಅದಕ್ಕಿಂತ ದೊಡ್ಡ ಮದ್ದು ಇಲ್ಲ; ತಲೆಗೆ ಬಿದ್ದ ಪೆಟ್ಟಿಗೂ ಅದೇ ಮದ್ದು ಎಂದು ಅಂದು ತಿಳಿಯಿತು.

"ಪಂಪ್ ಹಾಕಿದಿಯಾ?" ಎಂದು ಕೇಳಿದರು. ಹಾಕಿದ್ದೇನೆ ಎಂದೆ. ಸ್ವಲ್ಪ ಹೊತ್ತಿನ ಬಳಿಕ ಮತ್ತೆ, "ಪಂಪ್ ಹಾಕಿದಿಯಾ?" ನಾಲ್ಕನೆಯ ಸಲಕ್ಕೆ ನನ್ನ ಕೈ ನಿಂತಿತು. ಆದರೆ ಮೂವತ್ತೊಂದು ವರ್ಷಗಳ ದಾಂಪತ್ಯದಲ್ಲಿ ಇವರು ನನ್ನ ಉತ್ತರವನ್ನು ಕಿವಿಗೆ ಹಾಕಿಕೊಂಡದ್ದೇ ಅಪರೂಪ. ಇದು ಪೆಟ್ಟಿನ ಪರಿಣಾಮವೋ, ಹಳೆಯ ಅಭ್ಯಾಸವೋ ಎಂದು ಹೆಂಡತಿಯಾದವಳು ಹೇಗೆ ತಾನೆ ನಿರ್ಧರಿಸುವುದು?

ನಿರ್ಧರಿಸಿದ್ದು ಕಾಫಿ. ಗಾಬರಿಯಲ್ಲಿ ನಾನು ಸಕ್ಕರೆ ಹಾಕುವುದನ್ನೇ ಮರೆತಿದ್ದೆ. ಲೋಟ ತೆಗೆಯಲು ಹೋದಾಗ ಅದು ಬರಿದಾಗಿತ್ತು. ಸಕ್ಕರೆ ಕಾಲು ಚಮಚ ಕಡಿಮೆಯಾಯಿತೆಂದು ಬೆಳ್ತಂಗಡಿಯ ಬೀಗರ ಮನೆಯಲ್ಲಿ, ಅವರ ಎದುರಿಗೇ ಲೋಟ ಕೆಳಗಿಟ್ಟ ಮನುಷ್ಯ ಇವರು. ಇಂದು ಚಕಾರವೆತ್ತದೆ ಕುಡಿದು, ಗೋಡೆ ನೋಡುತ್ತಾ ಕುಳಿತಿದ್ದರು. ಅಷ್ಟರಲ್ಲಿ ಎರಡನೆಯ ವಾಂತಿ. ಕೆಂಪು! ನಾನು ಕಿರುಚಿದೆ. "ಶರಬತ್ತು ಮಾರಾಯ್ತಿ," ಎಂದರು ಅತ್ತಿಗೆ, ಬಗ್ಗಿ ನೋಡಿ. "ಇನ್ನು ಮಲಗಲಿ. ನಿದ್ದೆ ಬಂದ್ರೆ ಪಿತ್ತ ಇಳಿತದೆ."

"ಪಿತ್ತ ಹೌದಾದ್ರೆ ಅದನ್ನು ಡಾಕ್ಟ್ರು ಹೇಳ್ಲಿ. ನೀವು ಬಾಗಿಲು ಹಾಕಿಕೊಳ್ಳಿ ಅತ್ತಿಗೆ."

ನನ್ನ ಬಾಯಿಂದ ಇದು ಸಾಕಷ್ಟು ಜೋರಾಗಿಯೇ ಬಂತು. ಏಕೆಂದರೆ ಪಕ್ಕದ ಮನೆಯ ಬ್ಯಾರಿ ಹೆಂಗಸು, ನನಗಿಂತ ಹತ್ತು ವರ್ಷ ಚಿಕ್ಕವಳು, ಕರೆಯುವ ಮೊದಲೇ ಕಾರಿನ ಕೀ ಹಿಡಿದು ಬಂದಿದ್ದಳು. ಗಂಡ ಗಲ್ಫಿನಲ್ಲಿ, ಕಾರು, ಮನೆ, ಮಕ್ಕಳು ಎಲ್ಲ ಅವಳದೇ ಕೈಯಲ್ಲಿ. "ಬನ್ನಿ ಅಕ್ಕ, ಸೀರೆ ಬದಲಿಸುವುದೆಲ್ಲ ಬೇಡ," ಎಂದಳು. ನಾನು ಮಾತ್ರೆಯ ಪೊಟ್ಟಣವೊಂದನ್ನು ಹಿಡಿದುಕೊಂಡು ಹೊರಟೆ. ಇವರು ಕಾರಿನಲ್ಲಿ ಪಂಪಿನ ವಿಷಯ ಇನ್ನೊಮ್ಮೆ ವಿಚಾರಿಸಿದರು.

ಆಸ್ಪತ್ರೆಯ ಡಾಕ್ಟರು ನನ್ನ ಮಗಳ ಪ್ರಾಯದವಳು. ಮಾತ್ರೆಯ ಹೆಸರು ಓದಿದ್ದೇ ತಡ, ಇವರನ್ನು ಸ್ಕ್ಯಾನಿಗೆ ಕಳುಹಿಸಿದಳು. ಅನಂತರ ಕೇಳಿದಳು: "ಪೆಟ್ಟು ಬಿದ್ದದ್ದು ಎಷ್ಟು ಗಂಟೆಗೆ?"

"ಏಳಕ್ಕೆ."

ಅವಳು ಗೋಡೆಯ ಗಡಿಯಾರ ನೋಡಿದಳು. ಹನ್ನೆರಡು. "ಐದು ಗಂಟೆ ಎಂತ ಮಾಡಿದ್ರಿ?"

"ಪುನರ್ಪುಳಿ ಶರಬತ್ತು ಕೊಟ್ಟೆವು." ಸುಳ್ಳು ಹೇಳಬಾರದೆಂಬುದನ್ನೂ ಸಿಸ್ಟರ್ ಕಲಿಸಿದ್ದರಲ್ಲ.

ತಲೆಬುರುಡೆಯ ಒಳಗೆ ತೆಳ್ಳಗೆ ರಕ್ತ ಕಟ್ಟಿತ್ತು. ಹೊರಗೆ ಬಾರದೆ ಅತ್ತಿಗೆಗೆ ಧೈರ್ಯ ತುಂಬಿದ್ದ ಅದೇ ರಕ್ತ. "ಈ ಮಾತ್ರೆ ತಿನ್ನುವವರು ವಾಂತಿಗೆ ಕಾಯುವುದಲ್ಲ ಆಂಟಿ, ತಲೆಗೆ ಪೆಟ್ಟು ಬಿದ್ದ ಕೂಡಲೇ ಬರಬೇಕು," ಎಂದಳು ಹುಡುಗಿ. ಸಂಜೆ ಇನ್ನೊಂದು ಸ್ಕ್ಯಾನ್, ಅದರಲ್ಲಿ ಹೆಚ್ಚಿದ್ದರೆ ಆಪರೇಶನ್. ಅಲ್ಲಿಯವರೆಗೆ ನಾನು ಅವರ ಹೆಬ್ಬೆರಳು ಹಿಡಿದು ಕುಳಿತೆ; ಉಗುರಿನ ಸಂದಿಯಲ್ಲಿ ಇನ್ನೂ ಪಾಚಿಯ ಹಸಿರಿತ್ತು. ಬೈಯಲು ಬೇಕಾದಷ್ಟು ವಿಷಯವಿತ್ತು, ಕೇಳಿಸಿಕೊಳ್ಳುವವರು ಬೇಕಲ್ಲ.

ಸಂಜೆಯ ಸ್ಕ್ಯಾನಿನಲ್ಲಿ ರಕ್ತ ಹೆಚ್ಚಿರಲಿಲ್ಲ. ಸ್ವಲ್ಪ ಕುಡಿಯಲು ಕೊಡಬಹುದು ಎಂದರು. ಪಕ್ಕದ ಮನೆಯಾಕೆ ಫ್ಲಾಸ್ಕಿನಲ್ಲಿ ಚಹಾ ತಂದಿದ್ದಳು. ಇವರು ಒಂದು ಗುಟುಕು ಕುಡಿದು ಮುಖ ಹುಳಿ ಮಾಡಿದರು.

"ಸಕ್ಕರೆ ಸಾಲದು."

ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಇಡೀ ದಿನ ಇವರು ಏನೆಲ್ಲ ಮಾಡಿದರೆಂದು ಅವಳಿಗೆ ಹೇಳಿದೆ, ನಾಲ್ಕು ಸಲ, ಐದು ಸಲ ಕೇಳಿದ ಪಂಪಿನ ಪ್ರಶ್ನೆಯನ್ನೂ.

ಅವಳು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ, "ನಮ್ಮವರು ದಿನಾ ಫೋನಿನಲ್ಲಿ ಮೂರು ಸಲ 'ಊಟ ಆಯ್ತಾ' ಕೇಳ್ತಾರೆ ಅಕ್ಕ," ಎಂದಳು. "ಈ ಸಲ ರಜೆಯಲ್ಲಿ ಬಂದಾಗ ಅವರನ್ನೂ ಒಮ್ಮೆ ಆ ಸ್ಕ್ಯಾನ್ ಮಿಷನಿಗೆ ಹಾಕಿಸುವ."