ಗೋವಿಂದರಾಜನ ಹಗುರ ಲ್ಯಾಪ್‌ಟಾಪ್

ಯಲಬುರ್ಗಾ ಬಸ್ಸಿನ ಕಿಟಕಿಯಿಂದ ಎಲ್ಲರೂ ಟವೆಲ್ ಹಾಕಿ ಸೀಟು ಹಿಡಿಯುವಾಗ, ಬೀಜದ ಕಂಪನಿಯ ಗೋವಿಂದರಾಜ ಗಡಿಬಿಡಿಯಲ್ಲಿ ಲ್ಯಾಪ್‌ಟಾಪನ್ನೇ ಹಾಕಿದ. ಹತ್ತಿ ಬರುವಷ್ಟರಲ್ಲಿ ಮುದಕಮ್ಮ ಎಂಬ ಅಜ್ಜಿ ಅದರ ಮೇಲೆ ಕೂತಾಗಿತ್ತು. “ಹಪ್ಪಳದಂಗ ಐತೋ ಯಪ್ಪಾ, ಗೊತ್ತಾಗ್ಲೇ ಇಲ್ಲ!” ಆ ಲ್ಯಾಪ್‌ಟಾಪಿನ ಗುಣಗಾನ ಗೋವಿಂದರಾಜನಿಗೆ ಬಾಯಿಪಾಠ: ಬ್ಯಾಟರಿ ದಿನವಿಡೀ ಬರುತ್ತದೆ, ಇನ್ನು ಭಾರವೋ, “ಮನ್ಯಾಗ ನನ್ನ ಮಾತಿಗೆ ಎಷ್ಟು ತೂಕ ಐತಿ, ಇದಕ್ಕೂ ಅಷ್ಟ.” ಪೆನ್‌ಡ್ರೈವ್ ಚುಚ್ಚಲು ಜಾಗವಿಲ್ಲ, ಬಿಸಿಲಿಗೆ ಹಿಡಿದರೆ ಪರದೆಯಲ್ಲಿ ತನ್ನ ಬೋಳುತಲೆಯೊಂದೇ ಕಾಣುತ್ತದೆ ಎಂದೂ ತಾನೇ ಹೇಳಿ ನಗುತ್ತಾನೆ. ಇಂದು ತೆರೆದು ನೋಡಿದರೆ ಪರದೆ ಬಿರುಕು ಬಿಟ್ಟಿತ್ತು. “ಇನ್ನ ನಿನ್ನ ಕೆಲಸ ಹೆಂಗೋ?” ಎಂದು ಮುದಕಮ್ಮ ಗಾಬರಿಯಾದಳು. ಗೋವಿಂದರಾಜ ಅದನ್ನು ಮುಚ್ಚಿ, ಒರೆಸಿ, ಎದೆಗವಚಿಕೊಂಡ: “ಮುಚ್ಚಿದ್ರ ಕಾಣೂದಿಲ್ಲ ಬಿಡಬೇ. ಇದು ಕೈಯಾಗಿದ್ರ ಹೋದ ಕಡಿ ಆಫೀಸಿನ್ಯಾಗ ಕೂಡ್ರಿ ಅಂತಾರ. ಇಲ್ಲಂದ್ರ ಬಾಗಲದಾಗ ನಿಂದ್ರಸ್ತಾರ.”